ರೂಪ ಮತ್ತು ಹೆಸರು: ಕ್ಲೈವ್ ಬೆಲ್‌ನ ಬದುಕು ಹಾಗೂ ಅವನ ಕುಟುಂಬ

ನಮ್ಮ ಕಲಾಶಾಲೆಗಳ ಸೌಂದರ್ಯಶಾಸ್ತ್ರದ ಪಾಠಗಳಲ್ಲಿ ಇಂಗ್ಲಿಷ್ ಕಲಾವಿಮರ್ಶಕ ಕ್ಲೈವ್ ಬೆಲ್‌ನ ಹೆಸರು ಸಾಮಾನ್ಯವಾಗಿ ಒಂದೇ ಒಂದು ಪಾರಿಭಾಷಿಕ ಪದದ ಜೊತೆಗೆ ಬಂದು ಹೋಗುತ್ತದೆ. ಅದು ಅವನು 1914ರಲ್ಲಿ ಪ್ರಕಟಿಸಿದ ‘ಆರ್ಟ್’ ಎಂಬ ಗ್ರಂಥದಲ್ಲಿ ಬಳಸಿದ ‘ಸಿಗ್ನಿಫಿಕೆಂಟ್ ಫಾರ್ಮ್’ ಎಂಬ ಪದ. ಕನ್ನಡದಲ್ಲಿ ಇದನ್ನು ‘ಅರ್ಥಪೂರ್ಣ ರೂಪ’ ಎಂದು ಕರೆಯಬಹುದಾದರೂ ಆ ಅನುವಾದ ಓದುಗನನ್ನು ಸ್ವಲ್ಪಮಟ್ಟಿಗೆ ದಾರಿ ತಪ್ಪಿಸುತ್ತದೆ. ಏಕೆಂದರೆ ಬೆಲ್ ಹೇಳುವ ರೂಪವು ತನ್ನ ಹೊರಗಿರುವ ಯಾವ ಅರ್ಥವನ್ನೂ ಸೂಚಿಸುವುದಿಲ್ಲ. ರೇಖೆಗಳೂ ವರ್ಣಗಳೂ ಒಂದು ವಿಶಿಷ್ಟ ಕ್ರಮದಲ್ಲಿ ಕೂಡಿದಾಗ ನೋಡುಗನಲ್ಲಿ ಉಂಟಾಗುವ ಭಾವವೇ ಕಲಾನುಭವ. ಅದನ್ನು ಪಡೆಯಲು ಬದುಕಿನಿಂದ ಏನನ್ನೂ ಹೊತ್ತು ತರಬೇಕಾಗಿಲ್ಲ, ಅದರ ಸಂಬಂಧಗಳ ತಿಳುವಳಿಕೆಯಾಗಲಿ ರಾಗದ್ವೇಷಗಳ ಪರಿಚಯವಾಗಲಿ ಅಲ್ಲಿ ಬೇಡ ಎಂಬುದು ಅವನ ವಾದದ ತಿರುಳು. ಹೀಗೆ ಬರೆದವನ ಮನೆಯಲ್ಲಿ ಸಂಬಂಧಗಳು ಹೇಗಿದ್ದವು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಜಾನಪದದ ವಿದ್ಯಾರ್ಥಿಯೊಬ್ಬನು ಇಂಗ್ಲೆಂಡಿನ ಕಲಾವಿಮರ್ಶಕನ ಸಂಸಾರಕ್ಕೆ ಏಕೆ ಕೈಹಾಕಬೇಕೆಂದು ಓದುಗರು ಕೇಳಬಹುದು. ಕಾರಣ ಎರಡು. ಒಂದನೆಯದು ಬೆಲ್‌ನ ಗ್ರಂಥದಲ್ಲಿಯೇ ಇದೆ. ಅರ್ಥಪೂರ್ಣ ರೂಪಕ್ಕೆ ಉದಾಹರಣೆ ಕೊಡುವಾಗ ಅವನು ಜಿಯೊಟ್ಟೊ, ಪುಸ್ಸೆಂ, ಸೆಜಾನ್‌ರ ಚಿತ್ರಗಳ ಸಾಲಿನಲ್ಲಿಯೇ ಪರ್ಷಿಯಾದ ಬಟ್ಟಲನ್ನೂ ಚೀನಾದ ಜಮಖಾನೆಗಳನ್ನೂ ಮೆಕ್ಸಿಕೊದ ಶಿಲ್ಪವನ್ನೂ ಇಡುತ್ತಾನೆ. ಹೆಸರಿಲ್ಲದ ಕುಶಲಕರ್ಮಿಯ ಕೃತಿಗೆ ಹೆಸರುವಾಸಿ ಚಿತ್ರಕಾರನ ಪಕ್ಕದಲ್ಲಿ ಮಣೆ ಹಾಕಿದ ಈ ಮಾತನ್ನು ಮೊದಲ ಬಾರಿ ಓದಿದಾಗ ನನಗೆ ಬಹಳ ಸಂತೋಷವಾಗಿತ್ತು. ಆದರೆ ಮುಂದೆ ಓದುತ್ತ ಹೋದಂತೆ, ಆ ಬಟ್ಟಲನ್ನು ಮಾಡಿದವರು ಯಾರು, ಅದರಲ್ಲಿ ಕುಡಿದವರು ಯಾರು, ಅದು ಯಾವ ಮನೆಯ ಯಾವ ಶುಭಕಾರ್ಯಕ್ಕೆ ಹೊರಬರುತ್ತಿತ್ತು ಎಂಬ ಪ್ರಶ್ನೆಗಳಿಗೆಲ್ಲ ಅವನು ಬಾಗಿಲು ಮುಚ್ಚಿಬಿಟ್ಟಿದ್ದಾನೆ ಎಂಬುದು ತಿಳಿಯಿತು. ವಿಲಿಯಂ ಫ್ರಿತ್‌ನು ಚಿತ್ರಿಸಿದ ಪ್ಯಾಡಿಂಗ್ಟನ್ ರೈಲು ನಿಲ್ದಾಣದ ಜನಜಂಗುಳಿ ಅವನ ಪಾಲಿಗೆ ಸ್ವಾರಸ್ಯಕರವಾದ ದಾಖಲೆ ಮಾತ್ರ, ಕಲೆಯಲ್ಲ. ನಮ್ಮಂಥವರಿಗೆ ಅಂಥ ಚಿತ್ರವೇ ಮೊದಲು ಬೇಕಾಗುತ್ತದೆ! ಎರಡನೆಯ ಕಾರಣ ಬಂಧುತ್ವ. ಕುಟುಂಬ, ವಂಶ, ಹೆಸರು, ಆಸ್ತಿ ಇವು ಜಾನಪದ ಅಧ್ಯಯನದ ಮೂಲ ವಿಷಯಗಳು. ಬೆಲ್‌ನ ಕುಟುಂಬವನ್ನು ಕುರಿತು ಬಂದಿರುವ ಬರವಣಿಗೆಯಲ್ಲಿ ಹೆಚ್ಚಿನದು ಪ್ರಣಯಪ್ರಸಂಗಗಳ ಪಟ್ಟಿಯಾಗಿದೆ. ಅದನ್ನು ಒಂದು ಬಂಧುತ್ವ ವ್ಯವಸ್ಥೆಯಾಗಿ ನೋಡಿದರೆ ಬೇರೆಯ ಸಂಗತಿಗಳು ಕಾಣುತ್ತವೆ.

ಆರ್ಥರ್ ಕ್ಲೈವ್ ಹೆವರ್ಡ್ ಬೆಲ್ ಹುಟ್ಟಿದ್ದು 1881ರ ಸೆಪ್ಟೆಂಬರ್ 16ರಂದು, ಬರ್ಕ್‌ಷೈರ್‌ನ ಈಸ್ಟ್ ಶೆಫರ್ಡ್‌ನಲ್ಲಿ. ತಂದೆ ವಿಲಿಯಂ ಹೆವರ್ಡ್ ಬೆಲ್ ಸಿವಿಲ್ ಎಂಜಿನಿಯರ್. ದಕ್ಷಿಣ ವೇಲ್ಸ್‌ನ ಕಲ್ಲಿದ್ದಲ ಗಣಿಗಳಿಂದ ಸಂಪತ್ತು ಗಳಿಸಿದವನು. ವಿಲ್ಟ್‌ಷೈರ್‌ನ ಸೀಂಡ್ ಗ್ರಾಮದ ಕ್ಲೀವ್ ಹೌಸ್ ಈ ಮನೆತನದ ನೆಲೆ. ಬೇಟೆ, ಕುದುರೆ, ಬಂದೂಕುಗಳ ನಡುವೆ ಬೆಳೆದ ಕ್ಲೈವ್‌ನು ಕೊನೆಯವರೆಗೂ ಬೇಟೆಯ ಅಭಿರುಚಿಯನ್ನು ಬಿಟ್ಟುಕೊಡಲಿಲ್ಲ. ಮಾರ್ಲ್‌ಬರೊ ಶಾಲೆಯ ನಂತರ 1899ರಲ್ಲಿ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜನ್ನು ಸೇರಿದನು. ಅಲ್ಲಿ ದೊರೆತ ಗೆಳೆಯರು ಲಿಟ್ಟನ್ ಸ್ಟ್ರೇಚಿ, ಲೆನಾರ್ಡ್ ವುಲ್ಫ್, ಥೋಬಿ ಸ್ಟೀಫನ್ ಮೊದಲಾದವರು. ತತ್ತ್ವಶಾಸ್ತ್ರಜ್ಞ ಜಿ.ಇ. ಮೂರ್‌ನ ಪ್ರಭಾವ ಇವರೆಲ್ಲರ ಮೇಲೆ ಆಳವಾಗಿತ್ತು. ಸ್ನೇಹದ ಸುಖ ಮತ್ತು ಸುಂದರವಾದುದರ ಆಸ್ವಾದ, ಇವೆರಡೂ ತಮ್ಮಷ್ಟಕ್ಕೆ ತಾವೇ ಶ್ರೇಷ್ಠ ಮೌಲ್ಯಗಳೆಂಬ ಅವನ ವಿಚಾರ ಈ ತರುಣರಿಗೆ ಒಂದು ಬಗೆಯ ಧರ್ಮವೇ ಆಯಿತು. 1904ರಲ್ಲಿ ಇತಿಹಾಸದ ಸಂಶೋಧನೆಗೆಂದು ಪ್ಯಾರಿಸ್ಸಿಗೆ ಹೋದ ಕ್ಲೈವ್‌ನು ಅಲ್ಲಿ ಚಿತ್ರಕಲೆಗೆ ಮನಸೋತನು.

ಥೋಬಿಯ ಅಕ್ಕ ವನೆಸ್ಸಾ, ತಂಗಿ ವರ್ಜೀನಿಯಾ. ಇವರು ಬೆಳೆದ ಮನೆಯ ರಚನೆಯನ್ನು ಇಲ್ಲಿ ಗಮನಿಸಬೇಕು. ತಂದೆ ಲೆಸ್ಲಿ ಸ್ಟೀಫನ್‌ನಿಗೆ ಮೊದಲ ಹೆಂಡತಿಯಿಂದ ಒಬ್ಬ ಮಗಳು. ತಾಯಿ ಜೂಲಿಯಾಳಿಗೆ ಮೊದಲ ಗಂಡ ಡಕ್‌ವರ್ತ್‌ನಿಂದ ಮೂವರು ಮಕ್ಕಳು. ಇವರಿಬ್ಬರ ದಾಂಪತ್ಯದಲ್ಲಿ ಹುಟ್ಟಿದವರು ವನೆಸ್ಸಾ, ಥೋಬಿ, ವರ್ಜೀನಿಯಾ, ಏಡ್ರಿಯನ್ ಎಂಬ ನಾಲ್ವರು. ಮೂರು ದಾಂಪತ್ಯಗಳ ಎಂಟು ಮಕ್ಕಳು ಲಂಡನ್ನಿನ ಹೈಡ್ ಪಾರ್ಕ್ ಗೇಟ್‌ನ ಒಂದೇ ಸೂರಿನ ಕೆಳಗೆ ಬೆಳೆದರು. ‘ಅಸಾಂಪ್ರದಾಯಿಕ’ವೆಂದು ಮುಂದೆ ಹೆಸರಾದ ಕುಟುಂಬದ ತಾಯಿಯು ಹೊರಟುಬಂದದ್ದು ಇಂಥ ಮನೆಯಿಂದ. ಆದರೆ ಆ ಮನೆಯ ಸಂಬಂಧಗಳೆಲ್ಲವೂ ವಿಧಿವತ್ತಾದ ವಿವಾಹಗಳಿಂದ ಬಂದವು. ಯಾರು ಯಾರ ಮಕ್ಕಳು ಎಂಬುದು ಎಲ್ಲರಿಗೂ ಗೊತ್ತಿತ್ತು. 1904ರಲ್ಲಿ ಲೆಸ್ಲಿ ಸ್ಟೀಫನ್ ತೀರಿಕೊಂಡ ಮೇಲೆ ನಾಲ್ವರು ಮಕ್ಕಳು ಬ್ಲೂಮ್ಸ್‌ಬರಿಯ ಗಾರ್ಡನ್ ಸ್ಕ್ವೇರ್‌ನ 46ನೆಯ ಸಂಖ್ಯೆಯ ಮನೆಗೆ ಬಂದರು. ಅಲ್ಲಿ ಸೇರಿದ ಗೆಳೆಯರ ಬಳಗವೇ ಬ್ಲೂಮ್ಸ್‌ಬರಿ ಗುಂಪು.

ಕ್ಲೈವ್‌ನ ವಿವಾಹಪ್ರಸ್ತಾಪವನ್ನು ವನೆಸ್ಸಾ ಮೊದಲು ನಿರಾಕರಿಸಿದ್ದಳು. 1906ರ ನವೆಂಬರ್‌ನಲ್ಲಿ ಥೋಬಿಯು ವಿಷಮಶೀತಜ್ವರದಿಂದ ತೀರಿಕೊಂಡನು. ಅವನು ತೀರಿಕೊಂಡ ಎರಡು ದಿನಗಳಲ್ಲಿ ವನೆಸ್ಸಾ ಒಪ್ಪಿದಳು. 1907ರ ಫೆಬ್ರವರಿ 7ರಂದು ಮದುವೆಯಾಯಿತು. ಸಾವಿನ ಮನೆಯಲ್ಲಿ ಹುಟ್ಟಿದ ಈ ದಾಂಪತ್ಯ ಕಾನೂನಿನ ದೃಷ್ಟಿಯಲ್ಲಿ 1961ರಲ್ಲಿ ವನೆಸ್ಸಾ ಸಾಯುವವರೆಗೆ, ಅಂದರೆ 54 ವರ್ಷ ಕಾಲ, ಉಳಿಯಿತು. ದಂಪತಿಗಳಾಗಿ ಅವರು ಬದುಕಿದ್ದು ಅದರಲ್ಲಿ ಕೆಲವೇ ವರ್ಷ. 1908ರಲ್ಲಿ ಹಿರಿಯ ಮಗ ಜೂಲಿಯನ್, 1910ರಲ್ಲಿ ಕ್ವೆಂಟಿನ್ ಹುಟ್ಟಿದರು.

ಜೂಲಿಯನ್ ಹುಟ್ಟಿದ ಕಾಲದಲ್ಲಿಯೇ ಕ್ಲೈವ್‌ನು ನಾದಿನಿ ವರ್ಜೀನಿಯಾಳ ಕಡೆಗೆ ಒಲವು ತೋರಿಸತೊಡಗಿದನು. ಅದು ಸರಸದ ಮಟ್ಟವನ್ನು ದಾಟಲಿಲ್ಲವಾದರೂ ವನೆಸ್ಸಾಳಿಗೆ ಅದರಿಂದಾದ ನೋವು ಬೇಗ ಮಾಯಲಿಲ್ಲ. ಇದರ ಇನ್ನೊಂದು ಮುಖವನ್ನೂ ಹೇಳಬೇಕು: ವರ್ಜೀನಿಯಾಳ ಮೊದಲ ಕಾದಂಬರಿಯ ಕರಡುಗಳನ್ನು ಗಂಭೀರವಾಗಿ ಓದಿ, ಆಕೆಗೆ ಧೈರ್ಯ ತುಂಬಿದ ಆರಂಭದ ಓದುಗ ಕ್ಲೈವ್‌ನೇ. 1910ರಲ್ಲಿ ರೋಜರ್ ಫ್ರೈ ಎಂಬ ಹಿರಿಯ ವಿಮರ್ಶಕನು ಕೇಂಬ್ರಿಜ್‌ನಿಂದ ಲಂಡನ್ನಿಗೆ ಹೋಗುವ ರೈಲಿನಲ್ಲಿ ಈ ದಂಪತಿಗಳ ಸಂಗಡ ಮಾತಿಗೆ ಕುಳಿತನು. ಅದೇ ವರ್ಷದ ನವೆಂಬರ್‌ನಲ್ಲಿ ಲಂಡನ್ನಿನ ಗ್ರಾಫ್ಟನ್ ಗ್ಯಾಲರಿಯಲ್ಲಿ ಅವನು ಏರ್ಪಡಿಸಿದ ಪ್ರದರ್ಶನ ಸೆಜಾನ್, ವ್ಯಾನ್ ಗೋ, ಗೋಗ್ಯಾಂರನ್ನು ಇಂಗ್ಲಿಷ್ ಜನರ ಮುಂದಿಟ್ಟು ಕೋಲಾಹಲ ಎಬ್ಬಿಸಿತು. 1912ರ ಎರಡನೆಯ ಪ್ರದರ್ಶನಕ್ಕೆ ಇಂಗ್ಲಿಷ್ ವಿಭಾಗದ ಕೃತಿಗಳನ್ನು ಆಯ್ದವನು ಕ್ಲೈವ್. ಈ ನಡುವೆ, 1911ರಲ್ಲಿ, ತುರ್ಕಿಯ ಪ್ರವಾಸದಲ್ಲಿ ಕಾಯಿಲೆ ಬಿದ್ದ ವನೆಸ್ಸಾಳನ್ನು ಫ್ರೈ ಉಪಚರಿಸಿದನು. ಅವರಿಬ್ಬರ ನಡುವೆ ಪ್ರೇಮ ಬೆಳೆಯಿತು. ಕ್ಲೈವ್‌ನು 1914ರ ಸುಮಾರಿಗೆ ಮೇರಿ ಹಚಿನ್ಸನ್ ಎಂಬಾಕೆಯ ಜೊತೆ ಸಂಬಂಧ ಬೆಳೆಸಿದನು. ಅದು 1927ರವರೆಗೆ ನಡೆಯಿತು. ಮುಂದೆ ವನೆಸ್ಸಾ ಫ್ರೈನಿಂದ ದೂರ ಸರಿದು ಚಿತ್ರಕಾರ ಡಂಕನ್ ಗ್ರಾಂಟ್‌ನನ್ನು ಪ್ರೀತಿಸಿದಳು. ಗ್ರಾಂಟ್‌ನ ಒಲವು ಮುಖ್ಯವಾಗಿ ಗಂಡಸರ ಕಡೆಗಿತ್ತು. ಇಷ್ಟೆಲ್ಲ ಆದರೂ ಯಾರೂ ಯಾರ ಸ್ನೇಹವನ್ನೂ ಕಡಿದುಕೊಳ್ಳಲಿಲ್ಲ. ಫ್ರೈನು 1934ರಲ್ಲಿ ಸಾಯುವವರೆಗೂ ಈ ಮನೆಯ ಆಪ್ತನಾಗಿಯೇ ಇದ್ದನು.

ಮೊದಲ ಮಹಾಯುದ್ಧ ಈ ಕುಟುಂಬಕ್ಕೆ ಒಂದು ಸ್ಥಳವನ್ನು ಕೊಟ್ಟಿತು. ಕ್ಲೈವ್‌ನು ಯುದ್ಧವಿರೋಧಿ. 1915ರಲ್ಲಿ ಅವನು ಬರೆದ ‘ಪೀಸ್ ಅಟ್ ಒನ್ಸ್’ ಎಂಬ ಕಿರುಹೊತ್ತಗೆಯನ್ನು ಲಂಡನ್ನಿನ ಲಾರ್ಡ್ ಮೇಯರನ ಆಜ್ಞೆಯಂತೆ ನಾಶಪಡಿಸಲಾಯಿತು. 1916ರಲ್ಲಿ ಕಡ್ಡಾಯ ಸೈನ್ಯಸೇವೆ ಜಾರಿಗೆ ಬಂದಾಗ ಯುದ್ಧಕ್ಕೆ ಒಪ್ಪದವರು ಹೊಲದ ಕೆಲಸ ಮಾಡಬೇಕಾಯಿತು. ಕ್ಲೈವ್‌ನು ಆಕ್ಸ್‌ಫರ್ಡ್ ಸಮೀಪದ ಗಾರ್ಸಿಂಗ್ಟನ್‌ಗೆ ಹೋದನು. ಡಂಕನ್ ಗ್ರಾಂಟ್ ಮತ್ತು ಅವನ ಪ್ರಿಯಕರನಾಗಿದ್ದ ಡೇವಿಡ್ ಗಾರ್ನೆಟ್ ಸಸೆಕ್ಸ್‌ನ ಫರ್ಲ್ ಗ್ರಾಮದ ಹತ್ತಿರ ಒಕ್ಕಲುತನದ ಕೆಲಸಕ್ಕೆ ಸೇರಿದರು. ಅವರಿಬ್ಬರನ್ನೂ ತನ್ನ ಇಬ್ಬರು ಮಕ್ಕಳನ್ನೂ ಕರೆದುಕೊಂಡು ವನೆಸ್ಸಾ ಆ ವರ್ಷದ ಅಕ್ಟೋಬರ್‌ನಲ್ಲಿ ಚಾರ್ಲ್‌ಸ್ಟನ್ ಎಂಬ ಬಾಡಿಗೆಯ ತೋಟದಮನೆಗೆ ಬಂದಳು. ವಿದ್ಯುತ್ತಾಗಲಿ ದೂರವಾಣಿಯಾಗಲಿ ಇಲ್ಲದ ಮನೆ. ವನೆಸ್ಸಾ ಮತ್ತು ಡಂಕನ್ ಅದರ ಗೋಡೆ, ಬಾಗಿಲು, ಮಂಚ, ಅಗ್ಗಿಷ್ಟಿಕೆಗಳ ಮೇಲೆಲ್ಲ ಚಿತ್ರ ಬರೆದರು. ಚಿತ್ರವನ್ನು ಚೌಕಟ್ಟಿನಿಂದ ಇಳಿಸಿ ನಿತ್ಯಬಳಕೆಯ ವಸ್ತುಗಳ ಮೇಲೆ ಹರಡಿದ ಈ ಕೆಲಸ, ನನ್ನ ದೃಷ್ಟಿಯಲ್ಲಿ, ಕ್ಲೈವ್‌ನ ಸಿದ್ಧಾಂತಕ್ಕೆ ಅವನ ಹೆಂಡತಿಯೇ ಬರೆದ ಉತ್ತರ. ಅಲ್ಲಿ ಕಲೆ ಮತ್ತು ಬದುಕು ಬೇರೆಬೇರೆ ಕೋಣೆಗಳಲ್ಲಿ ಇರಲಿಲ್ಲ.

1918ರ ಡಿಸೆಂಬರ್ 25ರಂದು ಚಾರ್ಲ್‌ಸ್ಟನ್‌ನಲ್ಲಿ ಆಂಜೆಲಿಕಾ ಹುಟ್ಟಿದಳು. ತಂದೆ ಡಂಕನ್ ಗ್ರಾಂಟ್. ಆದರೆ ಅವಳನ್ನು ಕ್ಲೈವ್ ಬೆಲ್‌ನ ಮಗಳೆಂದು ಹೇಳಲಾಯಿತು, ಕ್ಲೈವ್‌ನು ಅದಕ್ಕೆ ಒಪ್ಪಿದನು. ಆ ಕಾಲದ ಇಂಗ್ಲೆಂಡಿನಲ್ಲಿ ಇದಕ್ಕೆ ಬಲವಾದ ಕಾರಣಗಳಿದ್ದವು. ವಿವಾಹಿತ ಸ್ತ್ರೀಗೆ ಹುಟ್ಟಿದ ಮಗು ಅವಳ ಗಂಡನದೇ ಎಂಬುದು ಅಲ್ಲಿಯ ಕಾನೂನಿನ ಗ್ರಹಿಕೆ. ವಿವಾಹದ ಹೊರಗೆ ಹುಟ್ಟಿದ ಮಗು ಸಾಮಾಜಿಕ ಕಳಂಕವನ್ನು ಹೊರುವುದರ ಜೊತೆಗೆ, ತಂದೆಯು ಉಯಿಲು ಬರೆಯದೆ ಸತ್ತರೆ ಅವನ ಆಸ್ತಿಯಲ್ಲಿ ಹಕ್ಕನ್ನೂ ಪಡೆಯುತ್ತಿರಲಿಲ್ಲ. ಈ ಸ್ಥಿತಿ 1969ರ ಕಾಯಿದೆಯವರೆಗೂ ಮುಂದುವರಿಯಿತು. ಸೀಂಡ್‌ನಲ್ಲಿದ್ದ ಕ್ಲೈವ್‌ನ ತಂದೆತಾಯಿಗಳಿಗೆ ಸತ್ಯ ತಿಳಿದರೆ ಗಣಿಯ ಹಣದಲ್ಲಿ ಮಗುವಿಗೆ ಪಾಲಿಲ್ಲ. ಗ್ರಾಂಟ್‌ನ ಸಲಿಂಗ ಸಂಬಂಧಗಳಂತೂ ಶಿಕ್ಷಾರ್ಹ ಅಪರಾಧ. ಇಂಗ್ಲೆಂಡು ಆ ಕಾನೂನನ್ನು ಸಡಿಲಿಸಿದ್ದು 1967ರಲ್ಲಿ. ಆದ್ದರಿಂದ ಹಿರಿಯರ ಮೌನವನ್ನು ಬರಿಯ ಕಪಟವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಆದರೆ ಹೊರಗಿನ ಜಗತ್ತಿಗೆ ಕಟ್ಟಿದ ಈ ಗೋಡೆಯು ಆ ಹುಡುಗಿಯನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಆಪ್ತರಿಗೆಲ್ಲ ಗೊತ್ತಿದ್ದುದು ಅವಳಿಗೆ ಮಾತ್ರ ಗೊತ್ತಿರಲಿಲ್ಲ.

ಇಲ್ಲಿ ನನ್ನ ಕ್ಷೇತ್ರದ ಒಂದು ನೆನಪನ್ನು ತರುತ್ತೇನೆ. ನಮ್ಮ ಹೆಳವರು ಮನೆಬಾಗಿಲಿಗೆ ಬಂದು ಮನೆತನದ ತಲೆಮಾರುಗಳನ್ನು ಒಂದೊಂದಾಗಿ ಎತ್ತಿ ಹಾಡುವುದನ್ನು ಕೇಳಿದವರಿಗೆ, ಒಂದು ಹೆಸರು ಇನ್ನೊಂದು ಹೆಸರಿಗೆ ಕೊಂಡಿ ಹಾಕಿಕೊಳ್ಳುವ ಕ್ಷಣದಲ್ಲಿ ಕೇಳುತ್ತ ಕುಳಿತವರ ಮುಖ ಹೇಗೆ ಅರಳುತ್ತದೆಂಬುದು ಗೊತ್ತು. ಚಾರ್ಲ್‌ಸ್ಟನ್‌ನ ಬಾಗಿಲಲ್ಲಿ ಅಂಥವನೊಬ್ಬನು ನಿಂತಿದ್ದರೆ ಆಂಜೆಲಿಕಾಳ ಕೊಂಡಿಯನ್ನು ಯಾರಿಗೆ ಹಾಕುತ್ತಿದ್ದನು? ಹುಟ್ಟಿಸಿದವನು ಡಂಕನ್, ಹೆಸರು ಕೊಟ್ಟವನು ಕ್ಲೈವ್. ಮನೆಯಲ್ಲಿ ದಿನವೂ ಕಣ್ಣೆದುರಿಗೆ ಇದ್ದವನು ತಂದೆಯೆನಿಸಿಕೊಳ್ಳದ ಡಂಕನ್. ತಂದೆಯೆನಿಸಿಕೊಂಡ ಕ್ಲೈವ್‌ನು ಲಂಡನ್ನಿನಿಂದ ಆಗಾಗ ಬಂದು ಹೋಗುವ, ಹಾಸ್ಯ ಮಾಡುವ, ಉಡುಗೊರೆ ತರುವ ಉದಾರಿ. ಜನಕ, ನಾಮದಾತ, ಪೋಷಕ ಎಂಬ ಮೂರು ಸ್ಥಾನಗಳು ಹೀಗೆ ಹಂಚಿಹೋಗುವುದು ಮಾನವ ಸಮಾಜಗಳಲ್ಲಿ ಅಪರೂಪವೇನಲ್ಲ. ದತ್ತು, ನಿಯೋಗ, ಸಾಕುತಂದೆ ಮುಂತಾದ ಎಷ್ಟೋ ಪದ್ಧತಿಗಳು ಅದಕ್ಕೆಂದೇ ಇವೆ. ಆದರೆ ಅಂಥ ಪದ್ಧತಿ ಇರುವಲ್ಲಿ ಆ ಹಂಚಿಕೆಗೆ ಒಂದು ಹೆಸರಿರುತ್ತದೆ, ಅದನ್ನು ನಾಲ್ಕು ಜನರ ಮುಂದೆ ಹೇಳುವ ಒಂದು ವಿಧಿ ಇರುತ್ತದೆ. ಚಾರ್ಲ್‌ಸ್ಟನ್‌ನ ಹಿರಿಯರು ಹೊಸ ಬಗೆಯ ಬಂಧುತ್ವವನ್ನು ಬದುಕಿದರು, ಅದಕ್ಕೆ ತಕ್ಕ ಸಂಬಂಧವಾಚಕವನ್ನು ಮಾತ್ರ ಸೃಷ್ಟಿಸಿಕೊಳ್ಳಲಿಲ್ಲ. ಹಳೆಯ ಹೆಸರುಗಳನ್ನೇ ಬಳಸಿದರು.

ಈ ಸ್ವಾತಂತ್ರ್ಯದ ಖರ್ಚು ಎಲ್ಲಿಂದ ಬರುತ್ತಿತ್ತು ಎಂಬ ಪ್ರಶ್ನೆಯನ್ನು ಬ್ಲೂಮ್ಸ್‌ಬರಿಯ ಅಭಿಮಾನಿಗಳು ಅಷ್ಟಾಗಿ ಕೇಳುವುದಿಲ್ಲ. ಸಂಸಾರ ನಡೆಯುವುದರಲ್ಲಿ ಕ್ಲೈವ್‌ನ ಹಣದ ಪಾಲು ದೊಡ್ಡದಿತ್ತು. ಆ ಹಣ ವೇಲ್ಸ್‌ನ ಗಣಿಗಳಿಂದ ಬಂದದ್ದು. 1928ರಲ್ಲಿ ಪ್ರಕಟವಾದ ‘ಸಿವಿಲೈಸೇಷನ್’ ಎಂಬ ಗ್ರಂಥದಲ್ಲಿ ಕ್ಲೈವ್‌ನು ನಾಗರಿಕತೆಗೆ ಬಿಡುವುಳ್ಳ ಒಂದು ವರ್ಗ ಅವಶ್ಯಕವೆಂದೂ, ಆ ವರ್ಗವನ್ನು ಇತರರ ದುಡಿಮೆ ಹೊರಬೇಕೆಂದೂ ನೇರವಾಗಿಯೇ ವಾದಿಸಿದನು. ಈ ಗ್ರಂಥವನ್ನು ಅವನು ಅರ್ಪಿಸಿದ್ದು ವರ್ಜೀನಿಯಾಳಿಗೆ. ಆಕೆಯೇ ಮುಂದೆ, ನಾಗರಿಕತೆಯೆಂದರೆ ಕ್ಲೈವ್‌ನ ಮನೆಯ ಊಟದ ಕೂಟವೆಂದು ಕೊನೆಗೆ ತಿಳಿಯುತ್ತದೆ ಎಂಬ ಅರ್ಥದಲ್ಲಿ ಹಾಸ್ಯ ಮಾಡಿದಳಂತೆ. ಆ ಊಟವನ್ನು ಬೇಯಿಸಿದವರ ಕಡೆಗೂ ನಾವು ತಿರುಗಿ ನೋಡಬೇಕು. ಗ್ರೇಸ್ ಹಿಗೆನ್ಸ್ ಎಂಬಾಕೆ 1920ರಲ್ಲಿ, ಹದಿಹರೆಯದಲ್ಲಿ, ವನೆಸ್ಸಾಳ ಬಳಿ ಕೆಲಸಕ್ಕೆ ಸೇರಿದಳು. ಮಕ್ಕಳನ್ನು ನೋಡಿಕೊಂಡಳು, ಆಮೇಲೆ ಚಾರ್ಲ್‌ಸ್ಟನ್‌ನ ಅಡುಗೆಮನೆಯನ್ನೂ ಮನೆವಾರ್ತೆಯನ್ನೂ ವಹಿಸಿಕೊಂಡಳು. ಸುಮಾರು ಅರ್ಧ ಶತಮಾನ ಕಾಲ ಆಕೆ ಈ ಕುಟುಂಬದೊಡನೆ ಇದ್ದಳು. ಆಕೆ ದಿನಚರಿಗಳನ್ನೂ ಬರೆದಿಟ್ಟಿದ್ದಾಳೆ. ಅವು ಬ್ರಿಟಿಷ್ ಲೈಬ್ರರಿಯಲ್ಲಿವೆ. ಸಾಹಿತಿ ಕಲಾವಿದರ ಪತ್ರಗಳು ಸಂಪುಟ ಸಂಪುಟವಾಗಿ ಅಚ್ಚಾಗಿರುವಾಗ ಆಕೆಯ ಬರವಣಿಗೆಯ ಕಡೆಗೆ ಗಮನ ಹರಿದದ್ದು ಬಹಳ ತಡವಾಗಿ. ಯಾವ ಮನೆಯ ಚರಿತ್ರೆಯನ್ನಾದರೂ ಅದರ ಅಡುಗೆಮನೆಯ ಕಡೆಯಿಂದ ಓದಬೇಕೆಂಬುದು ನಮ್ಮ ಶಿಸ್ತು ಕಲಿಸಿದ ಪಾಠ. ಯಾರು ಯಾವ ಕೋಣೆಯಲ್ಲಿ ಮಲಗುತ್ತಾರೆಂಬುದು ಹಾಸಿಗೆ ಹಾಸುವವರಿಗೆ ಮೊದಲು ತಿಳಿಯುತ್ತದೆ.

ಜೂಲಿಯನ್ ಬೆಲ್ ಕವಿಯಾದನು. 1935ರಿಂದ ಚೀನಾದ ವುಹಾನ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಕಲಿಸಿದನು. ಶಾಂತಿವಾದಿಗಳ ಮನೆಯ ಈ ಮಗ ಸ್ಪೇನಿನ ಅಂತರ್ಯುದ್ಧಕ್ಕೆ ಹೋಗಲು ಹಟ ಹಿಡಿದನು. ಗಾಯಾಳುಗಳನ್ನು ಸಾಗಿಸುವ ಆಂಬುಲೆನ್ಸ್ ಚಾಲಕನಾಗಿ ಹೋಗಿ, 1937ರ ಜುಲೈ 18ರಂದು ಬ್ರುನೆಟೆಯ ಕದನದಲ್ಲಿ ಬಾಂಬಿನ ಚೂರು ತಗುಲಿ ತೀರಿಕೊಂಡನು. ಆಗ ಅವನಿಗೆ 29 ವರ್ಷ. ವನೆಸ್ಸಾ ಆ ಪೆಟ್ಟಿನಿಂದ ಪೂರ್ತಿಯಾಗಿ ಚೇತರಿಸಿಕೊಳ್ಳಲಿಲ್ಲ. ಆ ಬೇಸಗೆಯಲ್ಲಿಯೇ, ಮಗ ಹೋದ ದುಃಖದ ನಡುವೆ, ಆಕೆ ಹದಿನೆಂಟರ ಆಂಜೆಲಿಕಾಳಿಗೆ ಅವಳ ತಂದೆ ಡಂಕನ್ ಎಂಬುದನ್ನು ತಿಳಿಸಿದಳು. ಯುದ್ಧದ ಹೊಸ್ತಿಲಲ್ಲಿ ತಾಯಿಯ ಬಾಯಿಂದ ಹೊರಬೀಳುವ ಜನ್ಮರಹಸ್ಯ ನಮಗೆ ಭಾರತದ ಕಥೆಯಿಂದ ಪರಿಚಿತ. ಆದರೆ ಈ ಹೋಲಿಕೆಯನ್ನು ಹೆಚ್ಚು ಎಳೆಯಬಾರದು. ಕುಂತಿಯ ಮಾತಿನಿಂದ ಕರ್ಣನ ಲೋಕವೇ ತಲೆಕೆಳಗಾಯಿತು. ಆಂಜೆಲಿಕಾಳ ದುಃಖವೆಂದರೆ ಈ ಮಾತಿನ ನಂತರವೂ ಏನೂ ಬದಲಾಗದೆ ಹೋದದ್ದು. ಡಂಕನ್ ಎಂದಿನಂತೆ ಮೃದುವಾಗಿದ್ದನು, ಎಂದಿನಂತೆ ಚಿತ್ರ ಬರೆಯುತ್ತಿದ್ದನು. ತಂದೆಯ ಸ್ಥಾನಕ್ಕೆ ಮಾತ್ರ ಬರಲಿಲ್ಲ. ಇಬ್ಬರು ತಂದೆಯರಿದ್ದೂ ತನಗೆ ತಂದೆಯೇ ಇಲ್ಲದಂತಾಯಿತು ಎಂಬ ಭಾವ ಅವಳ ಆತ್ಮಕಥನದ ಉದ್ದಕ್ಕೂ ಇದೆ.

1942ರಲ್ಲಿ ಆಂಜೆಲಿಕಾ ಮದುವೆಯಾದದ್ದು ಡೇವಿಡ್ ಗಾರ್ನೆಟ್‌ನನ್ನು. ಅವಳು ಹುಟ್ಟಿದಾಗ ಅದೇ ಮನೆಯಲ್ಲಿದ್ದವನು, ಅವಳ ತಂದೆಯ ಹಿಂದಿನ ಪ್ರಿಯಕರ. ತೊಟ್ಟಿಲಿನ ಕೂಸನ್ನು ಕಂಡು, ಮುಂದೆ ಇವಳನ್ನೇ ಮದುವೆಯಾದರೇನು ಎಂದು ಲಿಟ್ಟನ್ ಸ್ಟ್ರೇಚಿಗೆ ಅಂದೇ ಕಾಗದ ಬರೆದಿದ್ದವನು. ಮದುವೆಯ ಹೊತ್ತಿಗೆ ಅವನಿಗೆ 50, ಅವಳಿಗೆ 23. ವನೆಸ್ಸಾ ಮತ್ತು ಡಂಕನ್ ಈ ಸಂಬಂಧದಿಂದ ಕಂಗೆಟ್ಟರು, ಮದುವೆಯಲ್ಲಿ ಅವರಿರಲಿಲ್ಲ. ಆದರೂ ಬಾಯಿಬಿಟ್ಟು ಹಳೆಯ ಸಂಗತಿಯನ್ನು ಮಗಳಿಗೆ ಹೇಳಲಿಲ್ಲ. ಪ್ರತಿಯೊಂದು ಸಮಾಜವೂ ಯಾರು ಯಾರನ್ನು ಮದುವೆಯಾಗಬಾರದು ಎಂಬ ನಿಯಮವನ್ನು ಸಂಬಂಧಗಳ ಬಹಿರಂಗ ತಿಳುವಳಿಕೆಯ ಮೇಲೆ ಕಟ್ಟಿಕೊಂಡಿರುತ್ತದೆ. ಹೆಸರಿಲ್ಲದ ಸಂಬಂಧಕ್ಕೆ ನಿಷೇಧವೂ ಇರುವುದಿಲ್ಲ. ಈ ಹುಡುಗಿಗೆ ತಡೆಯುವ ಮಾತು ಬೇಕಾಗಿದ್ದ ಗಳಿಗೆಯಲ್ಲಿ ಆ ಮಾತನ್ನು ಆಡಬಲ್ಲವರೆಲ್ಲರೂ ತಮ್ಮ ಹಳೆಯ ಮೌನದಲ್ಲಿ ತಾವೇ ಸಿಕ್ಕಿಬಿದ್ದಿದ್ದರು. ಗಾರ್ನೆಟ್ ದಂಪತಿಗಳಿಗೆ ನಾಲ್ವರು ಹೆಣ್ಣುಮಕ್ಕಳು ಹುಟ್ಟಿದರು. ಮುಂದೆ ಇಬ್ಬರೂ ಬೇರೆಯಾದರು.

ಈ ಎಲ್ಲದರಲ್ಲಿ ಕ್ಲೈವ್‌ನ ಪಾತ್ರವನ್ನು ಹೇಗೆ ಅಳೆಯುವುದು? ಅವನನ್ನು ಕೇವಲ ವಿಲಾಸಿಯೆಂದು ಬರೆದವರಿದ್ದಾರೆ, ಅದು ಪೂರ್ತಿ ಸುಳ್ಳೂ ಅಲ್ಲ. ಆದರೆ ತನ್ನದಲ್ಲದ ಮಗುವಿಗೆ ಹೆಸರು ಕೊಟ್ಟು, ಅದನ್ನು ಎಂದೂ ಎತ್ತಿ ಆಡದೆ, ಅವಳನ್ನು ಮಗಳೆಂದೇ ನಡೆಸಿಕೊಂಡ ಗೃಹಸ್ಥನ ಔದಾರ್ಯ ಸಣ್ಣದಲ್ಲ. ಆಂಜೆಲಿಕಾಳ ದೂರು ಕೂಡ ಮುಖ್ಯವಾಗಿ ತಾಯಿಯ ಮೇಲಿದೆ, ಡಂಕನ್‌ನ ಮೇಲಿದೆ. ಕ್ಲೈವ್‌ನ ಕೊರತೆ ಬೇರೆಯದು. ಚಿತ್ರದ ಮುಂದೆ ನಿಂತಾಗ ಬದುಕಿನ ಸಂಬಂಧಗಳನ್ನು ಹೊರಗಿಡಬೇಕೆಂದು ಹೇಳಿದವನು, ಸಂಬಂಧಗಳ ನಡುವೆಯೂ ಒಬ್ಬ ಒಳ್ಳೆಯ ಪ್ರೇಕ್ಷಕನಾಗಿಯೇ ಉಳಿದನು. ಸಿದ್ಧಾಂತವೇ ಸ್ವಭಾವವನ್ನು ರೂಪಿಸಿತೆಂದು ನಾನು ಹೇಳುವುದಿಲ್ಲ. ಸ್ವಭಾವವೇ ಸಿದ್ಧಾಂತವನ್ನು ಆರಿಸಿಕೊಂಡಿರುವುದು ಹೆಚ್ಚು ಸಂಭವ. ‘ಆರ್ಟ್’ ಗ್ರಂಥದಲ್ಲಿಯೇ ಅವನು ಒಂದು ಪ್ರಾಮಾಣಿಕವಾದ ಮಾತನ್ನು ಒಪ್ಪಿಕೊಂಡಿದ್ದಾನೆ: ಸಂಗೀತ ಕೇಳುವಾಗ ಶುದ್ಧರೂಪದ ಮೇಲೆ ತನ್ನ ಮನಸ್ಸು ನಿಲ್ಲುವುದಿಲ್ಲ, ಬೇಗನೆ ಜಾರಿ ಮನುಷ್ಯಸಹಜವಾದ ಭಾವನೆಗಳ ಕಡೆಗೆ ಹೋಗಿಬಿಡುತ್ತದೆ ಎಂದು. ಅವನ ಪುಸ್ತಕದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಅದು.

ಕ್ಲೈವ್‌ನು 1939ರಲ್ಲಿ ತನ್ನ ಪುಸ್ತಕಗಳನ್ನೂ ಚಿತ್ರಗಳನ್ನೂ ಸಾಗಿಸಿಕೊಂಡು ಚಾರ್ಲ್‌ಸ್ಟನ್‌ಗೆ ಬಂದು ನೆಲೆಸಿದನು. ಹೆಂಡತಿ, ಹೆಂಡತಿಯ ಸಂಗಾತಿ ಮತ್ತು ಅವನು, ಮೂವರೂ ಒಂದೇ ಮನೆಯಲ್ಲಿ ಮುದುಕರಾದರು. 1956ರಲ್ಲಿ ಅವನ ‘ಓಲ್ಡ್ ಫ್ರೆಂಡ್ಸ್’ ಎಂಬ ನೆನಪುಗಳ ಪುಸ್ತಕ ಬಂತು. 1964ರ ಸೆಪ್ಟೆಂಬರ್‌ನಲ್ಲಿ ಅವನು ತೀರಿಕೊಂಡನು. ಕ್ವೆಂಟಿನ್ ಕುಂಬಾರಿಕೆಯ ಕಲಾವಿದನೂ ಪ್ರಾಧ್ಯಾಪಕನೂ ಆಗಿ, 1972ರಲ್ಲಿ ಚಿಕ್ಕಮ್ಮ ವರ್ಜೀನಿಯಾಳ ಜೀವನಚರಿತ್ರೆಯನ್ನು ಬರೆದು ಪ್ರಸಿದ್ಧನಾದನು. ವರ್ಜೀನಿಯಾಳ ಬಗ್ಗೆ ಕಪಾಟು ತುಂಬುವಷ್ಟು ಗ್ರಂಥಗಳು ಬಂದಿದ್ದರೂ ಕ್ಲೈವ್‌ನ ಪೂರ್ಣಪ್ರಮಾಣದ ಜೀವನಚರಿತ್ರೆ ಮಾರ್ಕ್ ಹಸ್ಸಿಯಿಂದ ಹೊರಬಂದದ್ದು 2021ರಲ್ಲಿ. ಡಂಕನ್ 1978ರಲ್ಲಿ ತೀರಿಕೊಂಡ ಮೇಲೆ ಚಾರ್ಲ್‌ಸ್ಟನ್‌ಅನ್ನು ಉಳಿಸಿಕೊಳ್ಳಲು ಒಂದು ಟ್ರಸ್ಟ್ ಹುಟ್ಟಿತು. 1986ರಲ್ಲಿ ಮನೆಯನ್ನು ಸಾರ್ವಜನಿಕರಿಗೆ ತೆರೆಯಲಾಯಿತು. ಫರ್ಲ್‌ನ ಚರ್ಚಿನ ಅಂಗಳದಲ್ಲಿ ವನೆಸ್ಸಾ ಮತ್ತು ಡಂಕನ್‌ರ ಸಮಾಧಿಗಳು ಅಕ್ಕಪಕ್ಕದಲ್ಲಿವೆ. ವನೆಸ್ಸಾಳ ಹೆಸರು ಕೊನೆಯವರೆಗೂ ಬೆಲ್ ಎಂದೇ ಉಳಿಯಿತು.

ಆಂಜೆಲಿಕಾ ತನ್ನ ಆತ್ಮಕಥನ ‘ಡಿಸೀವ್ಡ್ ವಿತ್ ಕೈಂಡ್‌ನೆಸ್’ಅನ್ನು ಪ್ರಕಟಿಸಿದ್ದು 1984ರಲ್ಲಿ. ತಂದೆಯರಿಬ್ಬರೂ ತಾಯಿಯೂ ಗಾರ್ನೆಟ್‌ನೂ ಆಗಲೇ ಇಲ್ಲವಾಗಿದ್ದರು. ಕರುಣೆಯಿಂದಲೇ ತನ್ನನ್ನು ವಂಚಿಸಲಾಯಿತು ಎಂಬುದು ಆ ಶೀರ್ಷಿಕೆಯ ಭಾವ. ಅವಳು 2012ರಲ್ಲಿ ತೀರಿಕೊಂಡಳು. ಹುಟ್ಟಿದಾಗ ಅವಳು ಆಂಜೆಲಿಕಾ ಬೆಲ್, ಪುಸ್ತಕದ ರಕ್ಷಾಪುಟದ ಮೇಲೆ ಆಂಜೆಲಿಕಾ ಗಾರ್ನೆಟ್. ಗ್ರಾಂಟ್ ಎಂಬ ಹೆಸರನ್ನು ಅವಳು ಎಂದೂ ಹೊರಲಿಲ್ಲ.